ಮೂರು ವರ್ಷ ಮುಂಚೆ ಸತ್ತ ಲಿಂಗಣ್ಣ

ಶ್ರಾವಣ ಹುಟ್ಟಿ ನಾಲ್ಕೈದು ದಿನವಾಗಿತ್ತು. ಧರೂರಿನ ಹೊಲಗಳಲ್ಲಿ ಬೀಜದ ಹತ್ತಿಗೆ ಹೂ ಮುಟ್ಟಿಸುವ ಕೆಲಸ ಬೆಳಗಿನ ಏಳಕ್ಕೇ ಶುರುವಾಗಿತ್ತು.

ಹಿಂದಿನ ಸಂಜೆ ಎಸಳು ಬಿಡಿಸಿ, ಕೆಂಪು ಕಾಗದದ ಚೂರು ಸಿಕ್ಕಿಸಿ ಗುರುತು ಮಾಡಿಟ್ಟ ಮೊಗ್ಗುಗಳ ಮುಂದೆ ಹೆಂಗಸರು ಬಾಗಿ ನಿಂತಿದ್ದರು. ಸೊಂಟದ ಚೀಲದಿಂದ ಒಂದು ಗಂಡು ಹೂ ತೆಗೆಯುವುದು, ನಾಲ್ಕೈದು ಮೊಗ್ಗಿಗೆ ಅದರ ಪುಡಿ ಹಚ್ಚುವುದು, ಮುಂದಿನ ಗಿಡಕ್ಕೆ ಸರಿಯುವುದು. ಬಿಸಿಲೇರಿದರೆ ಪುಡಿ ಕೆಡುತ್ತದೆ. ಹನ್ನೊಂದರೊಳಗೆ ಸಾಲು ಮುಗಿಯಬೇಕು. ಹಾಗಾಗಿ ಯಾರೂ ತಲೆ ಎತ್ತುತ್ತಿರಲಿಲ್ಲ.

ಬದುವಿನ ಮೇಲೆ ಬರುತ್ತಿದ್ದ ಇಬ್ಬರನ್ನು ಕಂಡು ಒಬ್ಬಳು ಮಾತ್ರ ತೆಲುಗಿನಲ್ಲಿ ಕೂಗಿದಳು. "ಎವರಮ್ಮಾ ಮೀರು? ಕೂಲಿಕಾ?"

"ಕೂಲಿಗಲ್ಲವಾ, ಕೂಲಿ ವಸೂಲಿಗಿ," ಎಂದಳು ಹಿಂದೆ ಬರುತ್ತಿದ್ದ ಬುಗ್ಗಮ್ಮ.

ದಾಮರಗಿದ್ದದ ಹೆಣ್ಣುಮಗಳು. ಹದಿನಾಲ್ಕು ವರ್ಷ ಪುಣೆಯಲ್ಲಿ ಕಾಂಕ್ರೀಟಿನ ಬುಟ್ಟಿ ಹೊತ್ತು, ಕೂಡಿಟ್ಟ ಆರೂವರೆ ಲಕ್ಷ ಸುರಿದು ಮಕ್ತಲ್ ರಸ್ತೆಯ ಲೇಔಟಿನಲ್ಲಿ ನೂರೈವತ್ತು ಗಜದ ಪ್ಲಾಟು ಹಿಡಿದವಳು. ಪ್ಲಾಟಿನ ನಂಬರು ನಲವತ್ತೊಂದು. ಲೇಔಟು ಮಾಡಿದ ಭಾನುಪ್ರಕಾಶ ಈಗ ದಿವಾಳಿ ಎಂದು ಹೈದರಾಬಾದಿನಲ್ಲಿ ಅರ್ಜಿ ಹಾಕಿ ಕುಳಿತಿದ್ದ.

ಮುಂದೆ ನಡೆಯುತ್ತಿದ್ದವಳು ತುಳಸಮ್ಮ. ನಾರಾಯಣಪೇಟೆಯ ರಿಜಿಸ್ಟ್ರಿ ಕಚೇರಿಯ ಎದುರು ಟೇಬಲ್ಲು ಹಾಕಿಕೊಂಡು ಮೂವತ್ತೊಂದು ವರ್ಷದಿಂದ ದಸ್ತಾವೇಜು ಬರೆಯುವವಳು. ಪೊಲೀಸಿನವರು ಹೆಜ್ಜೆಗುರುತು ನೋಡುವಂತೆ ಆಕೆ ಕಾಗದ ನೋಡುತ್ತಿದ್ದಳು. ಬಗಲಿನ ಬಟ್ಟೆಚೀಲದಲ್ಲಿ ದಿವಾಳಿ ಅಧಿಕಾರಿಯ ಕಡತದಿಂದ ನಿನ್ನೆ ಸಂಜೆ ಸಿಕ್ಕ ನಕಲೊಂದಿತ್ತು. ಅದನ್ನು ಎಷ್ಟು ಸಲ ಓದಿದ್ದಳೋ ಆಕೆಗೇ ಲೆಕ್ಕವಿರಲಿಲ್ಲ.

ಮಾಳಿಂಗಪ್ಪ ಮೋಟಾರು ಶೆಡ್ಡಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಗದ್ವಾಲದ ಕಡೆ ಬೀಜದ ಹತ್ತಿ ಬೆಳೆಸಿ ಕಂಪನಿಗೆ ಒಪ್ಪಿಸುವ ದೊಡ್ಡ ಆರ್ಗನೈಸರ್ ಆತ. ಅರವತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ.

"ಬರ್ರಿ ತುಳಸಮ್ಮನವರ, ಕೂಡ್ರಿ. ಇಷ್ಟು ದೂರ ಬಂದೀರಿ ಅಂದ್ರ ಏನೋ ಕಾಗದ ಐತಿ."

"ಐತ್ರಿ. ನಿಮ್ದs ಕಾಗದ. ಓದಾಕ ತಂದೀನಿ."

"ನಂದು ನಾ ಓದೀನ್ರಿ."

"ಓದಿದ್ರ ನಾ ಇಲ್ಲಿತನಕ ಬರೂ ಜರೂರತ್ ಇರ್ತಿದ್ದಿಲ್ಲ."

ಮಾಳಿಂಗಪ್ಪ ನಕ್ಕ. ಕುರ್ಚಿ ತರಲು ಹೇಳಿದ. ಒಂದೇ ಬಂತು. ಬುಗ್ಗಮ್ಮ ಕೇಳದೆಯೇ ನೀರಿನ ತೊಟ್ಟಿಯ ಕಟ್ಟೆ ಏರಿ ಕುಳಿತಳು. ಅಲ್ಲಿಂದ ಆಕೆ ಸಾಹುಕಾರನಿಗಿಂತ ಒಂದು ಗೇಣು ಎತ್ತರಕ್ಕಿದ್ದಳು.

ತುಳಸಮ್ಮ ಚಾಳೀಸು ಏರಿಸಿ ನಕಲನ್ನು ತೊಡೆಯ ಮೇಲೆ ಹರಡಿದಳು. ತೆಲುಗಿನಲ್ಲಿ ಟೈಪು ಮಾಡಿದ್ದ ಕಾಗದ. ಹಳೆಯ ಸ್ಟಾಂಪು ಪೇಪರು. ಭಾನುಪ್ರಕಾಶ ತನ್ನ ಹನ್ನೊಂದು ಎಕರೆಯನ್ನು ಅಡವಿಟ್ಟು ಮಾಳಿಂಗಪ್ಪನಿಂದ ನಾಲ್ಕು ಕೋಟಿ ಇಪ್ಪತ್ತು ಲಕ್ಷ ಸಾಲ ಪಡೆದಿದ್ದಾನೆ, ತಾರೀಕು ೨೦೧೮ರ ಜುಲೈ ಹದಿನಾರು, ಎಂದು ಅದರಲ್ಲಿತ್ತು.

ಆ ತಾರೀಕೇ ಎಲ್ಲರ ಕುತ್ತಿಗೆ ಹಿಡಿದಿತ್ತು. ಲೇಔಟಿನ ಮೊದಲ ಪ್ಲಾಟು ಮಾರಾಟವಾದದ್ದು ೨೦೧೯ರಲ್ಲಿ. ಅದಕ್ಕೂ ಮೊದಲೇ ಭೂಮಿ ಅಡವಾಗಿತ್ತು ಎಂದಾದರೆ ಹನ್ನೊಂದೂ ಎಕರೆ ಮಾಳಿಂಗಪ್ಪನ ಪಾಲು. ಬರೀ ಕರಾರು ಪತ್ರ ಹಿಡಿದುಕೊಂಡಿದ್ದ ಎಂಬತ್ತಾರು ಮಂದಿಗೆ ಉಳಿಯುವುದು ಬಣ್ಣ ಹೋದ ಗಡಿಕಲ್ಲು ಮಾತ್ರ. ಎಂಬತ್ತೈದು ಮಂದಿ ಹೆದರಿ, ರೂಪಾಯಿಗೆ ಹತ್ತು ಪೈಸೆ ಬಂದರೂ ಸಾಕೆಂದು ಒಪ್ಪಿಗೆ ಬರೆದುಕೊಟ್ಟಿದ್ದರು. ಬರೆದುಕೊಡದೆ ಉಳಿದವಳು ಬುಗ್ಗಮ್ಮ ಒಬ್ಬಳೇ.

ಮಧ್ಯಾಹ್ನ ಮೂರಕ್ಕೆ ಮಕ್ತಲ್‌ನ ಫಂಕ್ಷನ್ ಹಾಲಿನಲ್ಲಿ ದಿವಾಳಿ ಅಧಿಕಾರಿ ಸಭೆ ಕರೆದಿದ್ದರು. ತಕರಾರಿದ್ದರೆ ಹೇಳಲು ಅದೇ ಕೊನೆಯ ಗಳಿಗೆ. ಹಣ ಬರಬೇಕಾದವರು ಮಾತ್ರ ಅಲ್ಲಿ ಬಾಯಿ ಬಿಡಬಹುದು.

"ಚಕ್ಕುಬಂದಿ ಓದ್ತೀನಿ, ಕೇಳ್ರಿ," ಎಂದಳು ತುಳಸಮ್ಮ. "ಪಶ್ಚಿಮಕ್ಕ ಡಾಂಬರು ರಸ್ತಾ. ಉತ್ತರಕ್ಕ ಹಳ್ಳ. ದಕ್ಷಿಣಕ್ಕ ಸರ್ಕಾರಿ ಗೈರಾಣ. ಪೂರ್ವಕ್ಕ…"

ಅಲ್ಲಿ ನಿಲ್ಲಿಸಿ ಮಾಳಿಂಗಪ್ಪನ ಮುಖ ನೋಡಿದಳು.

"ಪೂರ್ವಕ್ಕ, ಕೀರ್ತಿಶೇಷ ಲಿಂಗಣ್ಣನವರ ಹೆಂಡತಿ ಶೇಖಮ್ಮ ಇವರ ಪಟ್ಟಾ ಜಮೀನು."

"ಹೌದಲ್ರೀ, ಶೇಖಮ್ಮಂದೇ. ಅದ್ರಾಗೇನು ತಪ್ಪೈತಿ?"

"ತಪ್ಪೇನಿಲ್ರಿ. ಭಾಳ ಮರ್ಯಾದಿಲೇ ಬರದಾರ. ನಿಮ್ಮ ಝಾನ್ಸಿ ಮದಿವಿ ಯಾವಾಗ ಆತ್ರಿ?"

"ನನ್ನ ಮಗಳ ಸುದ್ದಿ ಯಾಕ ಇಲ್ಲಿ?"

"ಹೇಳ್ರಿ."

"ಕೊರೊನಾ ಬರೂಕಿಂತ ಒಂದು ತಿಂಗಳ ಮುಂಚೆ. ೨೦೨೦, ಫೆಬ್ರುವರಿ. ಇಡೀ ಗದ್ವಾಲ ಉಂಡೈತಿ, ಯಾರನ್ನಾದ್ರೂ ಕೇಳ್ರಿ."

"ಮಕ್ತಲ್ ಕಡಿಂದ ಲಿಂಗಣ್ಣ ಬಂದಿದ್ದ?"

"ಬರದs ಇರ್ತಾನೇನ್ರಿ? ನನ್ನ ಹಳೇ ದೋಸ್ತಿ. ಅಕ್ಕಿಕಾಳು ಹಾಕಿದ, ಪಂಗ್ತಿಗಿ ಕುಂತ. ನಾನs ಮುಂದ ನಿಂತು ಹೋಳಿಗಿ ಬಡ…"

ಆತನ ಕಣ್ಣು ತುಳಸಮ್ಮನ ತೊಡೆಯ ಮೇಲಿನ ಕಾಗದಕ್ಕೆ ಇಳಿಯಿತು.

ತೊಟ್ಟಿಯ ಕಟ್ಟೆಯ ಮೇಲಿಂದ ಬುಗ್ಗಮ್ಮನ ನಗು ಕೇಳಿತು. "ಸತ್ತು ಎರಡು ವರ್ಷಕ್ಕ ಎದ್ದು ಬಂದು ಹೋಳಿಗಿ ಉಂಡನೇನ್ರಿ ಸಾವ್ಕಾರ್ರ? ತುಪ್ಪನಾದ್ರೂ ನೀಡಿದ್ರೋ ಇಲ್ಲೋ?"

ಹತ್ತಿರದ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಳಿಂಗಪ್ಪ ಆ ಕಡೆ ಕಣ್ಣು ಹಾಯಿಸಿದ. ನಗು ನಿಂತಿತು, ಆದರೆ ಕೈಗಳೂ ನಿಂತವು. ಎರಡು ಸಾಲಿನ ಹೆಂಗಸರು ಈಗ ಹೂವಿನ ಕಡೆ ನೋಡುತ್ತಿರಲಿಲ್ಲ.

ತುಳಸಮ್ಮ ಇನ್ನೊಂದು ಹಾಳೆ ತೆಗೆದಳು. ಲಿಂಗಣ್ಣನ ಮರಣ ಪ್ರಮಾಣಪತ್ರ. ೨೦೨೧ರ ಮೇ ಒಂಬತ್ತು.

"ಲಿಂಗಣ್ಣ ಗಟ್ಟಿಮುಟ್ಟಾಗಿ ತಿರುಗಾಡ್ತಿದ್ದ ಕಾಲಕ್ಕ ಈ ಕಾಗದ ಅವನ್ನ ಸಾಯಿಸಿ ಬಿಟ್ಟೈತ್ರಿ. ಮೂರು ವರ್ಷ ಮುಂಚೆ."

"ಟೈಪು ಮಾಡಾವ ತಾರೀಕು ತಪ್ಪು ಹೊಡದಿರ್ಬೇಕು."

"ಇರಬಹುದು. ಹಂಗಾದ್ರ ಕಾಗದ ಹುಟ್ಟಿದ್ದು ಲಿಂಗಣ್ಣ ಸತ್ತ ಮ್ಯಾಲೆ ಅಂತಾತು. ಅಷ್ಟೊತ್ತಿಗಿ ಎಂಬತ್ತಾರೂ ಪ್ಲಾಟು ಮಾರಿ ಆಗಿತ್ತು. ನಿಮ್ಮ ಅಡವು ಎಲ್ಲಿ ನಿಂತೀತು ಹೇಳ್ರಿ?"

ಮಾಳಿಂಗಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕುತ್ತಿಗೆ ಒರೆಸಿಕೊಂಡ. ಮತ್ತೆ ಹೆಗಲಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದು ಹಿಂಡುತ್ತ ಕುಳಿತ. ಕಾಲುವೆಯ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಬಂದು ದೂರವಾಯಿತು.

"ನಂದೂ ನಲವತ್ತು ಲಕ್ಷ ಹೋಗೇತಿ, ತುಳಸಮ್ಮನವರ," ಎಂದ ಕೊನೆಗೆ. ದನಿ ಇಳಿದಿತ್ತು. "ಪ್ಲಾಟು ತಗೊಂಡ್ರ ಒಂದೂವರಿ ವರ್ಷಕ್ಕ ಒಂದಕ್ಕ ಒಂದೂವರಿ ಕೊಟ್ಟು ವಾಪಸ್ ಕೊಳ್ತೀನಿ ಅಂತ ಭಾನುಪ್ರಕಾಶ ಬರಕೊಟ್ಟಿದ್ದ. ಮೊದಲ್ನೇ ಸಲ ಕೊಟ್ಟ. ಹತ್ತು ಕೊಟ್ಟಿದ್ದೆ, ಹದಿನೈದು ಬಂತು. ಎಣಿಸಿ ಕೊಟ್ಟ ಮನಿಷಾನ್ನ ಯಾರು ಅನುಮಾನ ಮಾಡ್ತಾರ? ಅದಕ್ಕ ನಲವತ್ತು ಹಾಕಿದೆ."

"ಆ ಹದಿನೈದು ಎಲ್ಲಿಂದ ಬಂತು ಅಂತ ಕೇಳಲಿಲ್ರಿ?"

"ಬಂದ ರೊಕ್ಕಕ್ಕ ಊರು ಕೇಳ್ತಾರೇನ್ರಿ?"

"ಅದರ ಊರು ದಾಮರಗಿದ್ದ," ಎಂದಳು ಬುಗ್ಗಮ್ಮ.

ಮಾಳಿಂಗಪ್ಪ ಆಕೆಯ ಕಡೆ ನೋಡದೆ ಮುಂದುವರಿಸಿದ. ಮಕ್ತಲ್‌ನಲ್ಲಿ ಪ್ಲಾಟು ಕೊಂಡವರ ಹಣದಲ್ಲಿ ಭಾನುಪ್ರಕಾಶ ನಾರಾಯಣಪೇಟೆಯಲ್ಲಿ ಭೂಮಿಗೆ ಮುಂಗಡ ಕೊಟ್ಟಿದ್ದ. ನಾರಾಯಣಪೇಟೆಯವರ ಹಣದಲ್ಲಿ ಗದ್ವಾಲದ ಹಳಬರಿಗೆ ಮಾತಿನಂತೆ ಹಣ ತಿರುಗಿಸಿದ್ದ. ಮೂರೂ ಊರಿನಲ್ಲಿ ಕೆಂಪು ಮಣ್ಣಿನ ರಸ್ತೆ, ಕಮಾನು, ಬಣ್ಣದ ಕಲ್ಲು. ಒಂದು ಕಡೆಯೂ ರಿಜಿಸ್ಟ್ರಿ ಇಲ್ಲ. ಕೊಳ್ಳುವವರು ಬರುತ್ತಿರುವ ತನಕ ಗಾಲಿ ಉರುಳಿತು. ಎರಡು ವರ್ಷದ ಹಿಂದೆ ಕೊಳ್ಳುವವರು ನಿಂತರು, ಗಾಲಿಯೂ ನಿಂತಿತು.

"ಭೂಮಿ ನಿನ್ನ ಹೆಸರಲೇ ಉಳಿಸ್ಕೊಂಡು ನಿಂದಷ್ಟು ಎಲ್ಲರಕಿಂತ ಮೊದಲು ತೆಗೆದು ಕೊಡ್ತೀನಿ, ಇಲ್ಲೊಂದು ಸಹಿ ಮಾಡು ಅಂದ ಭಾನುಪ್ರಕಾಶ. ಮಾಡಿದೆ. ನಾಲ್ಕು ಕೋಟಿ ನಾ ಕಣ್ಣಿಲೇ ಕಂಡಿಲ್ಲ."

"ಇದನ್ನ ಮೂರು ಗಂಟೆಗೆ ಮಕ್ತಲ್‌ದಾಗ ಹೇಳ್ರಿ," ಎಂದಳು ತುಳಸಮ್ಮ.

"ಹೇಳಂಗಿಲ್ಲ."

ಅಷ್ಟು ಹೊತ್ತು ಕುಗ್ಗಿದ್ದ ಮನುಷ್ಯ ಮತ್ತೆ ನೆಟ್ಟಗಾದ. "ಹೇಳಂಗಿಲ್ರಿ. ಏನ್ ಮಾಡ್ತೀರಿ? ಹೊಲದಾಗ ನಾ ಏನೋ ಮಾತಾಡಿದೆ, ಹೋತು. ಸಾಕ್ಷಿ ಯಾರದ? ಕೂಲಿ ಹೆಂಗಸರು ಸಾಲು ಬಿಟ್ಟು ಬರ್ತಾರ? ಸಭಾದಾಗ ತಕರಾರು ಎತ್ತಾಕ ನಿಮಗ ಹಕ್ಕಿಲ್ಲ. ಈ ಹೆಣ್ಣುಮಗಳಿಗಿ ಅಷ್ಟs ಐತಿ." ಈಗ ಮೊದಲ ಸಲ ಬುಗ್ಗಮ್ಮನತ್ತ ತಿರುಗಿದ. "ನಿಂದು ಎಷ್ಟವಾ? ಆರೂವರಿ ಅಲ್ಲ? ಪೂರಾ ಕೊಡಿಸ್ತೀನಿ. ಹತ್ತು ಪೈಸಾದ ಮಾತಿಲ್ಲ. ಬಾಕಿ ಮುಟ್ಟಿತು ಅಂತ ಒಂದು ಸಹಿ ಮಾಡು, ಊರಿಗೆ ಹೋಗು."

ತುಳಸಮ್ಮ ಕಾಗದ ಮಡಚಿದಳು. ಇದರಲ್ಲಿ ತಾನು ಮಾತಾಡಬಾರದೆಂದು ಆಕೆಗೆ ಗೊತ್ತಿತ್ತು. ಹದಿನಾಲ್ಕು ವರ್ಷದ ದುಡಿಮೆ ತನ್ನದಲ್ಲ.

ಬುಗ್ಗಮ್ಮ ಕಟ್ಟೆಯಿಂದ ಇಳಿದಳು.

"ಪುಣಾದಾಗ ಒಂದು ಬಿಲ್ಡಿಂಗಿನ್ಯಾಗ ಇದ್ದೆ ಸಾವ್ಕಾರ್ರ. ಮ್ಯಾಲ ಹನ್ನೆರಡು ಅಂತಸ್ತು ಅಂತ ಬೋರ್ಡು. ನಾಲ್ಕನೇದಕ್ಕ ನಿಂತು ಹೋತು, ಮಾಲಕ ಓಡಿ ಹೋದ. ನಮ್ಮ ನಾಲ್ಕು ತಿಂಗಳ ಪಗಾರ ಹೋತು. ನಿಂತ ಬಿಲ್ಡಿಂಗು ಹೆಂಗಿರ್ತೈತಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಈ ಲೇಔಟಿನ್ಯಾಗ ಕೊಂಡೆ. ಯಾಕ ಹೇಳ್ರಿ?"

ಆತ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಮಂದಿ ಮನಿ ಕಟ್ಟಿ ಕಟ್ಟಿ ಸಾಕಾಗಿತ್ತು. ಯಾವ ಮನಿ ಮುಗೀತೋ ಅಲ್ಲಿಂದ ನಮ್ಮ ತಗಡಿನ ಗುಡಸಲು ಕೀಳ್ತಿದ್ರು. ಯಾರೂ ಕೀಳದ ಜಾಗ ನೂರೈವತ್ತು ಗಜ ಬೇಕಿತ್ತು ನನಗ. ನಿಮ್ಮ ಆರೂವರಿ ಲಕ್ಷಕ್ಕ ಈಗ ಮಕ್ತಲ್‌ದಾಗ ನೂರು ಗಜಾನೂ ಬರಂಗಿಲ್ಲ. ನನ್ನ ರೊಕ್ಕ ನನಗ ಬ್ಯಾಡ. ಜಾಗ ಕೊಡ್ರಿ. ನನಗೂ, ಆ ಎಂಬತ್ತೈದು ಮಂದಿಗೂ."

"ಹಠ ಮಾಡಿದ್ರ ಎರಡೂ ಹೋಗ್ತಾವ."

"ಹೋಗ್ಲಿ. ಎರಡೂ ಇಲ್ಲದs ಹದಿನಾಲ್ಕು ವರ್ಷ ಬದುಕೀನಿ."

ತುಳಸಮ್ಮ ಎದ್ದಳು. ಹೊರಡುವ ಮೊದಲು ಕೇಳಬೇಕಾದ ಒಂದು ಮಾತು ಉಳಿದಿತ್ತು.

"ಬೀಜದ ಹತ್ತಿಗಿ ಅಪ್ಪ ಯಾವನು ಅಂತ ಕಂಪನಿಯವರ ಮುಂದ ತಪ್ಪದs ಹೇಳೋರು ನೀವು. ಈ ಕಾಗದಕ್ಕ ಅಪ್ಪ ಯಾವನ್ರಿ? ಟೈಪು ಮಾಡಿದ್ದು ಯಾರು?"

ಮಾಳಿಂಗಪ್ಪ ಆಕೆಯನ್ನು ಒಂದು ಗಳಿಗೆ ದಿಟ್ಟಿಸಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಅದು ಆಕೆಯನ್ನು ಹೆಚ್ಚು ಕಂಗೆಡಿಸಿತು.

"ಅದನ್ನ ಮಾತ್ರ ಕೇಳಬ್ಯಾಡ್ರಿ. ನಿಮ್ಮ ಒಳ್ಳೇದಕ್ಕs ಹೇಳ್ತೀನಿ."

ಅವರು ಬದು ದಾಟುವಾಗ ಆತ ಶೆಡ್ಡಿನ ಹಿಂದೆ ಹೋಗಿ ಫೋನು ಕಿವಿಗೆ ಹಚ್ಚಿದ್ದು ಕಂಡಿತು.

ಧರೂರಿನ ಗೇಟಿನಲ್ಲಿ ಬಸ್ಸು ಸಿಗುವಷ್ಟರಲ್ಲಿ ಒಂದೂಕಾಲಾಗಿತ್ತು. ಜುರಾಲ ಅಣೆಕಟ್ಟಿನ ಮೇಲಿನ ದಾರಿ ಹಿಡಿದು ಆತ್ಮಕೂರು ದಾಟಿ ಮಕ್ತಲ್ ಮುಟ್ಟಬೇಕು. ಕಿಟಕಿಯ ಸೀಟು ಬುಗ್ಗಮ್ಮನಿಗೆ ಬಿಟ್ಟು ತುಳಸಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ತಕರಾರು ಅರ್ಜಿ, ನಕಲು, ಮರಣ ಪ್ರಮಾಣಪತ್ರ, ಎಲ್ಲ ಅದರಲ್ಲೇ ಇದ್ದವು.

ಮಾಳಿಂಗಪ್ಪನ ಕೊನೆಯ ಮಾತು ಆಕೆಯನ್ನು ಕೊರೆಯುತ್ತಿತ್ತು.

ಊರ ಮಂದಿ ಯಾರನ್ನೇ ಕೇಳಿದರೂ ಆ ಪೂರ್ವದ ಹೊಲಕ್ಕೆ ಇಂದಿಗೂ 'ಲಿಂಗಣ್ಣನ ಹೊಲ' ಎಂದೇ ಅನ್ನುತ್ತಾರೆ. ಹೆಂಡತಿಯ ಹೆಸರು ಬರೆದವನು ಕಂಪ್ಯೂಟರಿನಲ್ಲಿ ಪಟ್ಟಾ ತೆಗೆದು ನೋಡಿದ್ದಾನೆ. ಆದರೆ ಪಟ್ಟಾದಲ್ಲಿ 'ಕೀರ್ತಿಶೇಷ' ಎಂದು ಇರುವುದಿಲ್ಲ. ಅದನ್ನು ಬರೆದವನೇ ಸೇರಿಸಿದ್ದಾನೆ. ಸತ್ತವರ ಹೆಸರನ್ನು ಬರಿದಾಗಿ ಬರೆಯಬಾರದು ಎನ್ನುವುದು ದಸ್ತಾವೇಜು ಬರೆಯುವವರ ರೂಢಿ. ಸುಳ್ಳು ಕಾಗದ ಹುಟ್ಟಿಸುವ ಹೊತ್ತಿನಲ್ಲೂ ಆ ಕೈ ರೂಢಿ ಬಿಟ್ಟಿರಲಿಲ್ಲ.

ರಿಜಿಸ್ಟ್ರಿ ಕಚೇರಿಯ ಎದುರು ನಾಲ್ಕು ಟೇಬಲ್ಲುಗಳಿದ್ದವು. ಈಗಿನವರಲ್ಲಿ ಇಬ್ಬರಿಗೆ ಆ ರೂಢಿಯೇ ಗೊತ್ತಿಲ್ಲ, 'ಲೇಟ್' ಎಂದು ಹೊಡೆದು ಮುಗಿಸುತ್ತಾರೆ. ಗೊತ್ತಿರುವವರು ಇನ್ನಿಬ್ಬರು. ಒಬ್ಬಳು ತಾನು. ಇನ್ನೊಬ್ಬನಿಗೆ ಅದನ್ನು ಕಲಿಸಿದವಳೂ ತಾನೇ.

ಆಕೆ ಕಣ್ಣು ಮುಚ್ಚಿದಳು. ಆ ಹೆಸರನ್ನು ಮನಸ್ಸಿನಲ್ಲೂ ಪೂರಾ ಹೇಳಿಕೊಳ್ಳಲಿಲ್ಲ.

ಬಸ್ಸು ಅಣೆಕಟ್ಟಿನ ಮೇಲೆ ನಿಧಾನವಾಯಿತು. ಮೇಲೆ ಮಳೆಯಾಗಿ ಗೇಟುಗಳನ್ನು ತೆರೆದಿದ್ದರು. ನೀರು ನೋಡಲು ಬಂದ ಮಂದಿ ದಾರಿಯುದ್ದಕ್ಕೂ ನಿಂತಿದ್ದರು. ಕಿಟಕಿಯಿಂದ ತುಂತುರು ಹೊಡೆಯಿತು.

ಆಗ ಬುಗ್ಗಮ್ಮನ ಫೋನು ಸದ್ದು ಮಾಡಿತು. ಆಕೆಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ತೆರೆಯ ಮೇಲಿನ ನೀರನ್ನು ಸೆರಗಿನಿಂದ ಒರೆಸಿ, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿದಳು.

"ಯಕ್ಕಾ. ಆರು, ಐದು, ಆಮ್ಯಾಲೆ ನಾಲ್ಕು ಸೊನ್ನಿ."

ತುಳಸಮ್ಮ ಫೋನು ತೆಗೆದುಕೊಂಡಳು. ಬ್ಯಾಂಕಿನ ಮೆಸೇಜು. ಬಾಕಿಯ ಅರ್ಜಿಯಲ್ಲಿ ಬರೆಸಿದ್ದ ಬುಗ್ಗಮ್ಮನ ಖಾತೆಗೆ ಆರು ಲಕ್ಷ ಐವತ್ತು ಸಾವಿರ ರೂಪಾಯಿ ಜಮಾ ಆಗಿತ್ತು.

"ನಾ ಬ್ಯಾಡ ಅಂದೆನಲ್ರೀ."

"ಅಂದಿ. ಅದಕ್ಕs ನಿನ್ನ ಕೇಳದs ಹಾಕ್ಯಾರ." ತುಳಸಮ್ಮನಿಗೆ ತನ್ನ ದನಿಯೇ ದೂರದಿಂದ ಬಂದಂತೆ ಕೇಳಿತು. "ನಿನ್ನ ಬಾಕಿ ಮುಟ್ಟಿ ಹೋತು, ಬುಗ್ಗಮ್ಮ. ಇನ್ನ ಮೂರು ಗಂಟೆಗೆ ನೀ ಯಾರು ಅಂತ ಕೇಳ್ತಾರ."

"ವಾಪಸ್ ಕಳಸೂಣ. ಮಕ್ತಲ್‌ದಾಗ ಇಳಿದ ಕೂಡಲೇ ಬ್ಯಾಂಕಿಗಿ ಹೋಗೂಣ."

"ಇವತ್ತು ಎರಡನೇ ಶನಿವಾರ. ಬ್ಯಾಂಕು ಬಾಗಿಲು ತೆಗಿಯಂಗಿಲ್ಲ."

ಬುಗ್ಗಮ್ಮ ನೀರಿನ ಕಡೆ ನೋಡಿದಳು. ಆಮೇಲೆ ಆಕೆಯ ಮುಖದಲ್ಲಿ ಹೊಲದಲ್ಲಿದ್ದ ಆ ನಗುವೇ ಅರ್ಧ ಮೂಡಿತು.

"ದಿವಾಳಿ ಎದ್ದಾವ ಎರಡು ತಾಸಿನ್ಯಾಗ ಆರೂವರಿ ಲಕ್ಷ ಎಲ್ಲಿಂದ ತಂದನ್ರಿ? ಹಾಕಿದವರ ಹೆಸರು ಇರ್ತೈತಲ್ಲ ಅದ್ರಾಗ? ಓದ್ರಿ. ಆ ಹೆಸರು ಹಿಡಕೊಂಡೇ ಒಳಗ ಹೋಗೂಣ."

ಹೆಸರು ಇತ್ತು. ತುಳಸಮ್ಮ ಆಗಲೇ ಓದಿದ್ದಳು.

ಓದಲು ಬಾರದವಳು ಪಕ್ಕದಲ್ಲಿ ಕುಳಿತಿದ್ದಳು. ಯಾವ ಹೆಸರು ಹೇಳಿದರೂ ನಂಬುತ್ತಿದ್ದಳು. ಭಾನುಪ್ರಕಾಶ ಎಂದರೆ ಮುಗಿದುಹೋಗುತ್ತಿತ್ತು. ಬಸ್ಸು ಅಣೆಕಟ್ಟಿನ ಕೊನೆಯ ಗೇಟು ದಾಟಿತು.

"ಉದಯಕುಮಾರ ಅಂತೈತಿ," ಎಂದಳು.

"ಯಾವ ಉದಯಕುಮಾರ?"

"ನನ್ನ ಬಾಜೂ ಟೇಬಲ್ಲಿನಾಂವ. ನನ್ನ ತಮ್ಮ. ಒಡಹುಟ್ಟಿದಾಂವ."

ಬುಗ್ಗಮ್ಮ ಆಕೆಯ ಮುಖವನ್ನೇ ನೋಡಿದಳು. ಕೈ ಚಾಚಿ ತುಳಸಮ್ಮನ ತೊಡೆಯ ಮೇಲಿದ್ದ ಬಟ್ಟೆಚೀಲ ತೆಗೆದುಕೊಂಡಳು. ಅದನ್ನು ತನ್ನ ತೊಡೆಯ ಮೇಲಿಟ್ಟು, ಹಿಡಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಳು.

"ರೊಕ್ಕ ಬಂದಿದ್ದು ಫೋನಿಗಿ," ಎಂದಳು. "ನಾ ಕೈಯೊಡ್ಡಿ ಇಸ್ಕೊಂಡಿಲ್ಲ. ನನ್ನ ಬಾಕಿ ಹಂಗs ಐತಿ."

"ಬುಗ್ಗಮ್ಮ…"

"ಮಕ್ತಲ್‌ದಾಗ ನೀವು ಹೊರಗ ಕೂಡ್ರಿ ಯಕ್ಕಾ. ಒಳಗ ನಾ ಒಬ್ಬಾಕೀನೇ ಹೋಗ್ತೀನಿ."